ಗಿಡ್ಡ ಹಂದಿ, ಗರಗಸ ಮೀನು

ಕೇಳುಗ ಬಾಂಧವರಿಗೆಲ್ಲಾ ಶರಣು ಶರಣಾರ್ಥಿ. ಹಂದಿ ಉಳಸಬೇಕು ಅಂದ್ರ ಚಿಂಚೋಳಿ ಕಡಿ ರೈತರಿಗೆ ಸಿಟ್ಟು ಬರ್ತದ, ಗೊತ್ತದರಿ, ಬೆಳಗಾಗೂದ್ರಾಗ ಜ್ವಾಳದ ಹೊಲ ಉರುಳಿಸಿ ಹೋಗಿರ್ತಾವ, ಆ ನೋವು ಖರೇನ ಅದ. ಆದ್ರ ಇವತ್ತ ನಾ ಹೇಳೂದು ಆ ಹಂದಿದಲ್ಲ. ಅಸ್ಸಾಂದಾಗ ಪಿಗ್ಮಿ ಹಾಗ್ ಅಂತ ಒಂದು ಗಿಡ್ಡ ಹಂದಿ ಅದ, ನಿಂತ್ರ ಮನಿ ಬೆಕ್ಕಿನಷ್ಟ, ಸುಮಾರು 25 ಸೆಂಟಿಮೀಟರ್ ಎತ್ತರ, ತೂಕ 6ರಿಂದ 9 ಕೆಜಿ. ಆಳೆತ್ತರ ಹುಲ್ಲಿನಾಗ ಇರ್ತದ, ನೆಲ ತಗ್ಗು ಮಾಡಿ, ಬಾಯಾಗ ಹುಲ್ಲು ಕಚ್ಚಿ ತಂದು ಹಾಸಿ ಹೊಚ್ಚಿ ಗೂಡು ಕಟ್ಟತದ, ಮರಿ ಹಾಕೂ ಟೈಮಿಗಷ್ಟೇ ಅಲ್ಲ, ವರ್ಷಪೂರ್ತಿ, ಗಂಡೂ ಕಟ್ಟತದ ಹೆಣ್ಣೂ ಕಟ್ಟತದ. ಹೊಸ ಹುಲ್ಲು ಚಿಗೀಲಿ ಅಂತ ಒಣಗಿದ ಹುಲ್ಲಿಗೆ ಬೆಂಕಿ ಹಚ್ಚತಾರಲ್ಲ, ಅವತ್ತ ಇದರ ಮನಿ ಹೋತು, ಅಡಗೂ ಜಾಗಾನೂ ಹೋತು.

ಈ ಜಾತಿನ ಮುಗೀತು ಅಂತ ತಿಳಕೊಂಡಿದ್ರು, 1971ರಾಗ ಮತ್ತ ಸಿಕ್ತು. 1996ರಾಗ ಮಾನಸ್ ಕಾಡಿಂದ 6 ಹಂದಿ ಹಿಡದು ತಂದು ಗುವಾಹಟಿ ಹತ್ರ ಬಸಿಷ್ಠದಾಗ ಸಾಕಿದ್ರು, ಮರಿ ಆದ್ವು, ಮರಿಗೆ ಮರಿ ಆದ್ವು, 2008ರಿಂದ ಸೋನಾಯ್ ರೂಪಾಯ್, ಒರಾಂಗ್ ಕಾಡಿನಾಗ ಬಿಡ್ಲಿಕತ್ತಾರ. ಇಂಥಾ ಕೆಲಸ ಮಾಡಿದವರಿಗೆ ಕೈ ಮುಗೀಬೇಕ್ರಿ.

ಇನ್ನ ಗರಗಸ ಮೀನು. ನೋಡ್ಲಿಕ್ಕೆ ಶಾರ್ಕ್ ಇದ್ದಂಗ ಅದ, ಆದ್ರ ಕರಾವಳಿಯವರ ತೊರಕೆ ಮೀನಿನ ಬಳಗದ್ದು, ಕಿವಿರಿನ ಸೀಳು ಹೊಟ್ಟಿ ಕಡಿ ಇರ್ತಾವ. 6 ಮೀಟರ್ ತನಕಾ ಬೆಳೀತದ. ಆ ಉದ್ದನ್ನ ಮೂತಿಯಿಂದ ರಾಡಿ ನೀರಿನಾಗೂ ಬ್ಯಾರೆ ಮೀನಿನ ಮೈಯಾಗಿನ ಸಣ್ಣ ಕರೆಂಟು ಗುರ್ತು ಹಿಡದು, ಎಡಕ ಬಲಕ ಬೀಸಿ ಹೊಡೀತದ. ಅದೇ ಮೂತಿ ಅದಕ್ಕ ಮುಳುವಾಗ್ಯದ, ಎರಡೂ ಬಾಜೂಕ ಹಲ್ಲು ಇರೂದ್ರಿಂದ ಬಲೆಗೆ ಸಿಕ್ರ ಬಿಡಿಸ್ಕೊಳ್ಳಾಕ ಆಗಂಗಿಲ್ಲ, ಒದ್ದಾಡಿದಷ್ಟೂ ಸುತ್ತಕೋತದ.

ಕಾಯ್ದೆ ಎರಡಕ್ಕೂ ಅದ, ಗರಗಸ ಮೀನಿನ್ನ 2001ರಾಗ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲಿಗೆ, ಅಂದ್ರ ಎಲ್ಲಕ್ಕಿಂತ ಹೆಚ್ಚು ರಕ್ಷಣೆ ಇರೂ ಪಟ್ಟಿಗೆ, ಸೇರಿಸ್ಯಾರ. ಆದ್ರ ಗಿಡ್ಡ ಹಂದಿ ಬೇಲಿಯೊಳಗ ವರ್ಷಕ್ಕ ಮೂರ್ನಾಕು ಮರಿ ಹಾಕ್ತದ, ಈ ಮೀನು ಮರಿ ಹಾಕೂ ವಯಸ್ಸಿಗೆ ಬರ್ಲಿಕ್ಕೇ 8–10 ವರ್ಷ ಬೇಕು. ಹಂದಿಗೆ ಮಾಡಿದಂಗ ಸಾಕಿ ಸಮುದ್ರಕ್ಕ ಬಿಡ್ತೀವಿ ಅಂತ ಕುಂತ್ರ ಇದು ಉಳಿಯಂಗಿಲ್ಲ. ಬಲೆಗೆ ಬಿದ್ದದ್ದನ್ನ ಜೀವಂತ ಬಿಡಿಸೂದೇ ದಾರಿ, ಅದು ಮೀನುಗಾರನ ಕೈಯಾಗ ಅದ. ಬಲೆ ಕೊಯ್ದು ಬಿಡು ಅಂತ ಬಡವಗ ಹೇಳೂದು ಸಸಾರ, ಹರದ ಬಲೆ ದುಡ್ಡು ಸರಕಾರ ತಡಾ ಮಾಡ್ದೆ ಕೊಡಬೇಕು, ನಮ್ಮ ರೈತ ಬೆಳಿ ಹಾಳಾದ್ರ ಪರಿಹಾರ ಕೇಳ್ತಾನಲ್ಲ, ಅಷ್ಟೇ ಹಕ್ಕು ಅವನಿಗೂ ಅದ.