ಟ್ರೀಟ್ ಏನು ಅನ್ನೋದಲ್ಲ, ಎಲ್ಲಿ ಕೊಡ್ತೀರಿ ಅನ್ನೋದು ಮುಖ್ಯ

ನಮಸ್ಕಾರ. ನೋಸ್ ವರ್ಕ್, ಅಂದರೆ ಬಚ್ಚಿಟ್ಟ ವಾಸನೆಯನ್ನು ನಾಯಿ ಮೂಗಿನಿಂದ ಹುಡುಕುವ ಆಟ, ಶುರು ಮಾಡಿದವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ, ಹುಡುಕಿದ ನಾಯಿಗೆ ಬಹುಮಾನವಾಗಿ ಯಾವ ಟ್ರೀಟ್ (ತಿಂಡಿ) ಕೊಡಬೇಕು? ಎಲ್ಲಿ ಕೊಡಬೇಕು ಅಂತ ಯಾರೂ ಕೇಳುವುದಿಲ್ಲ. ನನಗೆ ಅದೇ ಬೇಜಾರು.

ನೋಸ್ ವರ್ಕ್ 2006ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಆಟ. ಪತ್ತೆ ನಾಯಿಗಳನ್ನು ಪಳಗಿಸಿದ್ದವರು ಮನೆ ನಾಯಿಗಳಿಗಾಗಿ ಕಟ್ಟಿದ್ದು. ಬರ್ಚ್, ಅನೀಸ್ ಅಥವಾ ಲವಂಗದ ಎಣ್ಣೆ ತಾಗಿಸಿದ ಹತ್ತಿಕಡ್ಡಿಯನ್ನು ಪುಟ್ಟ ಡಬ್ಬಿಯಲ್ಲಿ ಬಚ್ಚಿಡುತ್ತಾರೆ, ನಾಯಿ ಹುಡುಕಬೇಕು.

ನಾಯಿ ಹುಡುಕಿತು ಅಂದುಕೊಳ್ಳಿ. ನೀವು ಖುಷಿಯಲ್ಲಿ 'ಶಭಾಷ್, ಬಾ ಬಾ' ಅಂತ ಕರೆದು ಜೇಬಿನಿಂದ ಚಿಕನ್ ತೆಗೆದು ಕೊಟ್ಟಿರಿ. ಆ ಚಿಕನ್ ಸಿಕ್ಕಿದ್ದು ಯಾಕೆ ಅಂತ ನಾಯಿ ತಿಳಿದುಕೊಳ್ಳುತ್ತದೆ? ಡಬ್ಬಿ ಬಿಟ್ಟು ನಿಮ್ಮ ಹತ್ತಿರ ಓಡಿ ಬಂದಿದ್ದಕ್ಕೆ! ಹೀಗೇ ಮುಂದುವರಿದರೆ ವಾಸನೆ ಸಿಕ್ಕಿದ ಕೂಡಲೇ ಅದು ತಿರುಗಿ ನಿಮ್ಮ ಜೇಬು ನೋಡುತ್ತದೆ, ಆಮೇಲೆ ವಾಸನೆ ಸಿಗದಿದ್ದರೂ ನೋಡುತ್ತದೆ.

ಅದಕ್ಕೇ ನೀವು ನಾಯಿಯ ಹತ್ತಿರ ಹೋಗಿ. ಮೂಗು ಇನ್ನೂ ಡಬ್ಬಿಯ ಮೇಲಿರುವಾಗಲೇ ನಿಮ್ಮ ಕೈ ಅಲ್ಲಿ ತಲುಪಬೇಕು. ಬೇಯಿಸಿದ ಚಿಕನ್ನಿನ ಕಡಲೆಕಾಳಿನಷ್ಟು ತುಂಡುಗಳು, ಒಂದಾದ ಮೇಲೊಂದು ನಾಲ್ಕೈದು, ಎಲ್ಲವೂ ಅಲ್ಲೇ. ಪುಡಿ ಉದುರುವ ಬಿಸ್ಕೆಟ್ ಬೇಡ, ಮುಂದಿನ ಸಲ ಆ ಪುಡಿಯನ್ನೇ ಮೂಸುತ್ತಾ ನಿಲ್ಲುತ್ತದೆ. ಚೆಂಡಿಗಾಗಿ ಪ್ರಾಣ ಬಿಡುವ ನಾಯಿಗೆ ಚೆಂಡೇ ಕೊಡಿ, ಆದರೆ ಅದೂ ಡಬ್ಬಿಯ ಪಕ್ಕದಲ್ಲೇ ಬೀಳಬೇಕು. ಇನ್ನು, ಹೊಸ ನಾಯಿಗೆ 'ಕೂತರೆ ಮಾತ್ರ ಕೊಡ್ತೀನಿ' ಅನ್ನುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಪಾಪ, ಅದು ಹುಡುಕಿ ಆಗಿದೆ ಅಲ್ವಾ?

ಇನ್ನೊಂದು ಮಾತು. 2011ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 18 ಪತ್ತೆ ನಾಯಿಗಳ ಮೇಲೆ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಅಲ್ಲಿ ಹುಡುಕುವ ವಾಸನೆಯನ್ನು ಎಲ್ಲೂ ಇಟ್ಟಿರಲೇ ಇಲ್ಲ. ಆದರೆ ಕೆಂಪು ಕಾಗದ ಇರುವ ಕಡೆ ವಾಸನೆ ಇದೆ ಅಂತ, ನಾಯಿಗಳನ್ನು ನಡೆಸುವ ಹ್ಯಾಂಡ್ಲರ್‌ಗಳಿಗೆ ಹೇಳಿದ್ದರು. 'ನಾಯಿ ತೋರಿಸಿತು' ಅಂತ ಅವರು ಕೂಗಿದ್ದು ಆ ಕಾಗದದ ಹತ್ತಿರವೇ ಜಾಸ್ತಿ. ಅಂದರೆ ನಮ್ಮ ಮನಸ್ಸಿನಲ್ಲಿರುವುದೂ ಈ ಆಟದೊಳಗೆ ನುಗ್ಗಿಬಿಡುತ್ತದೆ. ನಾಯಿ ಹುಡುಕುವ ಮೊದಲೇ ಡಬ್ಬಿಯ ಹತ್ತಿರ ನೀವು ನಿಂತುಬಿಟ್ಟರೆ, ಕೈ ಸುಮ್ನೆ ಜೇಬಿನ ಕಡೆ ಹೋದರೆ, ನಾಯಿಗೆ ಅಷ್ಟು ಸುಳಿವು ಸಾಕು.

ನಾಳೆ ಅಭ್ಯಾಸ ಮಾಡುವಾಗ ಫೋನ್ ಒಂದು ಕಡೆ ನಿಲ್ಲಿಸಿ ವಿಡಿಯೋ ಮಾಡಿ. ಆಮೇಲೆ ನಾಯಿಯನ್ನಲ್ಲ, ನಿಮ್ಮ ಕೈಯನ್ನು ನೋಡಿ. ಅದು ಜೇಬಿಗೆ ಹೋಗಿದ್ದು ಮೂಗು ಡಬ್ಬಿ ಮುಟ್ಟುವ ಮೊದಲೋ, ಆಮೇಲೋ?