ಲಾಬೊರಾಬ್ಲೆಸ್ ಅಂದ್ರೆ ಏನು? ಅಮ್ಮನ ಜೊತೆ ಸ್ಪೇನ್ ಬಸ್ಸಿನಲ್ಲಿ

ಈಗ ನೀವು ನೋಡ್ತಿರೋದು ಮ್ಯಾಡ್ರಿಡ್‌ನ ದಕ್ಷಿಣ ಬಸ್ ನಿಲ್ದಾಣ. ಊರಿನ ಮೆಟ್ರೊ ಹತ್ತಿ ಮೆಂಡೆಸ್ ಆಲ್ವರೊ ಸ್ಟಾಪ್‌ನಲ್ಲಿ ಇಳಿದ್ರೆ ಸಾಕು, ಇಲ್ಲಿಗೆ ಬಂದ ಹಾಗೇ. 2025ರ ಫೆಬ್ರವರಿ 26, ಬುಧವಾರ ಬೆಳಿಗ್ಗೆ. ನಮ್ಮ ದಾರಿ ಗ್ರನಾಡಾ ಕಡೆಗೆ.

ಅಲ್ಲಿ ಸೀರೆ ಮೇಲೆ ಸ್ವೆಟರ್, ಸ್ವೆಟರ್ ಮೇಲೆ ಶಾಲು ಹೊದ್ದು ಬ್ಯಾಗ್ ಕಾಯ್ತಿರೋರು ನನ್ನಮ್ಮ. ತೀರ್ಥಹಳ್ಳಿ ಕಡೆಯ ಹಳ್ಳಿ ಶಾಲೆಗೆ 26 ವರ್ಷ ದಿನಾ ಬಸ್ಸಲ್ಲೇ ಹೋಗಿ ಬಂದು ಪಾಠ ಮಾಡಿದೋರು. ಗ್ರನಾಡಾಗೆ ರೈಲು ಇಲ್ಲ ಅಂತಲ್ಲ, 2019ರಿಂದ ಹೈಸ್ಪೀಡ್ ರೈಲೇ ಓಡ್ತಿದೆ. ಆದ್ರೆ ನಾವು ಟಿಕೆಟ್ ನೋಡೋ ಹೊತ್ತಿಗೆ ಅದರ ದರ ಮೇಲೇರಿತ್ತು. "ಬಸ್ಸಲ್ಲೇ ಹೋಗೋಣ ಕಣೇ, ಊರು ಕಾಣುತ್ತೆ" ಅಂದ್ರು ಅಮ್ಮ. ಈ ವೀಡಿಯೊದಲ್ಲಿ ನಾನು ಹೇಳ್ಬೇಕು ಅಂದ್ಕೊಂಡಿರೋದು ಬಹುಪಾಲು ಆ ಮಾತಿನೊಳಗೇ ಇದೆ.

ಟಿಕೆಟ್ ಮೇಲೆ ಒಂದು ಪದ ಇರುತ್ತೆ: ದಾರ್ಸೆನಾ. ಬಸ್ಸು ಬಂದು ನಿಲ್ಲೋ ಜಾಗ, ನಾವು ಪ್ಲಾಟ್‌ಫಾರ್ಮ್ ಅಂತೀವಲ್ಲ, ಅದು. ಬಂದರಿನಲ್ಲಿ ಹಡಗು ತಂಗೋ ಜಾಗಕ್ಕೂ ಸ್ಪ್ಯಾನಿಷ್‌ನಲ್ಲಿ ಇದೇ ಪದ. ನನಗಂತೂ ತುಂಬಾ ಇಷ್ಟ ಆಯ್ತು. ಡಿಕ್ಕಿಗೆ ಸೂಟ್‌ಕೇಸ್ ನಾವೇ ಇಡಬೇಕು, ಇಳಿಯುವಾಗ ನಾವೇ ತಗೋಬೇಕು. ಡ್ರೈವರ್ ಫೋನಿನ ಟಿಕೆಟ್ ನೋಡಿ ತಲೆಯಾಡಿಸಿದ್ರೆ ಮುಗೀತು. ಸೀಟ್ ಬೆಲ್ಟ್ ಮಾತ್ರ ಎಲ್ಲರಿಗೂ ಕಡ್ಡಾಯ. ಅಮ್ಮ ಬೆಲ್ಟ್ ಹಾಕ್ಕೊಂಡು ಕೇಳಿದ ಮೊದಲ ಪ್ರಶ್ನೆ: "ಕಂಡಕ್ಟರ್ ಎಲ್ಲೇ?"

ಕಂಡಕ್ಟರ್ ಇಲ್ಲಮ್ಮಾ.

"ಪಾಪ, ಡ್ರೈವರ್ ಒಬ್ಬನೇನಾ ಅಷ್ಟು ದೂರ?"

ಮ್ಯಾಡ್ರಿಡ್ ದಾಟಿದ ಮೇಲೆ ಲಾ ಮಾಂಚಾ. ಚಪ್ಪಟೆ ನೆಲ, ಎಲೆ ಉದುರಿ ನಿಂತ ದ್ರಾಕ್ಷಿ ಬಳ್ಳಿಗಳ ಮೋಟು ಸಾಲು, ಕೆಂಪು ಮಣ್ಣು. ಎರಡು ಗಂಟೆ ಇದನ್ನೇ ನೋಡ್ತಾ ಹೋಗೋದು ಬೇಜಾರು ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸಲಿಲ್ಲ. ಇಷ್ಟು ಹೊತ್ತು ಬಯಲು ನೋಡಿದ್ದಕ್ಕೇ ಆಮೇಲೆ ಬಂದ ಬೆಟ್ಟ ಬೆಟ್ಟ ಅನ್ನಿಸಿದ್ದು. ಆ ಘಾಟಿಯ ಹೆಸರು ದೆಸ್ಪೆನ್ಯಪೆರ್ರೋಸ್. ನಾಯಿಗಳನ್ನ ಪ್ರಪಾತಕ್ಕೆ ತಳ್ಳೋ ಜಾಗ ಅನ್ನೋ ಅರ್ಥ ಬರುತ್ತೆ. ನೋಡಿ, ಬಂಡೆಗಳು ಹೇಗೆ ನೆಟ್ಟಗೆ ನಿಂತಿವೆ. ಇದನ್ನ ದಾಟಿದ್ರೆ ಆಂಡಲೂಸಿಯಾ, ಸ್ಪೇನಿನ ದಕ್ಷಿಣದ ಪ್ರದೇಶ. ಹಿಂದೆ ಈ ದಾರೀಲಿ ಕಳ್ಳರ ಕಾಟ. ಪ್ರಯಾಣಿಕರಿಗೆ ರಕ್ಷಣೆ ಬೇಕು ಅಂತ ಮೂರನೇ ಕಾರ್ಲೋಸ್ ರಾಜ 1767ರಲ್ಲಿ ಜರ್ಮನಿ ಕಡೆಯಿಂದ ಜನರನ್ನ ಕರೆಸಿ ಇಲ್ಲಿ ಹೊಸ ಊರುಗಳನ್ನೇ ಕಟ್ಟಿಸಿದ. ಕೆಳಗೆ ಇಳೀತಿದ್ದ ಹಾಗೆ ಸಿಗೋ ಲಾ ಕರೋಲಿನಾ ಅಂಥದ್ದೇ ಒಂದು ಊರು.

ಮಧ್ಯೆ ಹೆದ್ದಾರಿ ಪಕ್ಕದ ಹೋಟೆಲ್ ಹತ್ತಿರ ಅರ್ಧ ಗಂಟೆ ನಿಲ್ಲಿಸಿದ್ರು. ಇದು ಡ್ರೈವರ್ ಮನಸ್ಸಿಗೆ ಬಿಟ್ಟ ವಿಷಯ ಅಲ್ಲ. ಯುರೋಪ್ ಒಕ್ಕೂಟದ ಕಾನೂನಿನ ಪ್ರಕಾರ ನಾಲ್ಕೂವರೆ ಗಂಟೆ ಓಡಿಸಿದ ಡ್ರೈವರ್ 45 ನಿಮಿಷ ಬಿಡುವು ತಗೊಳ್ಳಲೇಬೇಕು. ಬೇಕಾದ್ರೆ ಮೊದಲು 15, ಆಮೇಲೆ 30 ಅಂತ ಎರಡು ಕಂತು ಮಾಡ್ಕೋಬಹುದು. ಬಸ್ಸಿನೊಳಗಿನ ಯಂತ್ರ ಇದನ್ನೆಲ್ಲ ದಾಖಲು ಮಾಡ್ತಾ ಇರುತ್ತೆ. ಇದನ್ನ ಹೇಳಿದ ಮೇಲೇ ಅಮ್ಮನಿಗೆ ಡ್ರೈವರ್ ಬಗ್ಗೆ ಸಮಾಧಾನ ಆಗಿದ್ದು.

ಸಸ್ಯಾಹಾರಿಗಳು ಗಮನಿಸಿ. ಇಲ್ಲಿ ತೊರ್ತಿಯಾ ಅಂದ್ರೆ ಆಲೂಗಡ್ಡೆ ಜೊತೆ ಮೊಟ್ಟೆ ಇರುತ್ತೆ. ನಾವು ಕೇಳಿದ್ದು ತೊಸ್ತಾದಾ ಕೊನ್ ತೊಮಾತೆ: ಸುಟ್ಟ ಬ್ರೆಡ್, ಅದರ ಮೇಲೆ ಹಸಿ ಟೊಮೆಟೊ ತುರಿದು ಹಾಕಿ, ಆಲಿವ್ ಎಣ್ಣೆ ಸುರಿದು, ಉಪ್ಪು. ಅಷ್ಟೇ. ಅಮ್ಮ ಬ್ಯಾಗಿಂದ ಚಟ್ನಿಪುಡಿ ತೆಗೆದು ಉದುರಿಸ್ಕೊಂಡ್ರು. ಆಲಿವ್ ಎಣ್ಣೆಗೂ ನಮ್ಮ ಚಟ್ನಿಪುಡಿಗೂ ಎಷ್ಟು ಚೆನ್ನಾಗಿ ಹೊಂದುತ್ತೆ ಅಂದ್ರೆ, ಆಮೇಲೆ ನಾಲ್ಕು ದಿನವೂ ಅದೇ ತಿಂಡಿ ಆಯ್ತು.

ಆ ಎಣ್ಣೆ ಎಲ್ಲಿಂದ ಬರುತ್ತೆ ಅಂತ ಬಸ್ಸು ಮತ್ತೆ ಹೊರಟಾಗ ಕಾಣಿಸ್ತು. ಹಯೇನ್ ಪ್ರಾಂತ್ಯ. ಜಗತ್ತಿನಲ್ಲಿ ಅತಿ ಹೆಚ್ಚು ಆಲಿವ್ ಎಣ್ಣೆ ಮಾಡೋ ದೇಶ ಸ್ಪೇನ್, ಸ್ಪೇನ್ ಒಳಗೆ ಹಯೇನ್ ಎಲ್ಲಕ್ಕಿಂತ ಮುಂದು. ಗುಡ್ಡದ ಮೇಲೆ ಗುಡ್ಡ, ಒಂದೊಂದರ ಮೇಲೂ ಗೆರೆ ಎಳೆದ ಹಾಗೆ ಮರ. ಅಡಿಕೆ ತೋಟದಲ್ಲಿ ಬೆಳೆದ ನನ್ನಮ್ಮ ತುಂಬಾ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದ್ರು: "ಇಷ್ಟನ್ನೂ ಕೊಯ್ಯೋರು ಯಾರೇ?"

ಗ್ರನಾಡಾ ಬಗ್ಗೆ ಬೇರೆ ವೀಡಿಯೊ ಮಾಡ್ತೀನಿ. ಈಗ ಇಷ್ಟು ಸಾಕು: ಬಸ್ ನಿಲ್ದಾಣ ಊರ ಹೊರಗಿದೆ, ಅಲ್ಲಿಂದ ಸಿಟಿ ಬಸ್ ಹಿಡೀಬೇಕು. ಅಲ್ಹಾಂಬ್ರಾ ಕೋಟೆಯ ಟಿಕೆಟ್ ಮುಂಚೆಯೇ ಮಾಡಿಸಿ, ಪಾಸ್‌ಪೋರ್ಟ್ ಜೊತೆಗಿರಲಿ. ಒಳಗಿನ ಅರಮನೆಗಳಿಗೆ ಟಿಕೆಟ್‌ನಲ್ಲಿರೋ ಹೊತ್ತಿಗೇ ಹೋಗ್ಬೇಕು. ಆ ಕೆಂಪು ಗೋಡೆಗಳ ಹಿಂದೆ ಸಿಯೆರಾ ನೆವಾಡಾ ಬೆಟ್ಟಸಾಲಿನ ಮೇಲೆ ಹಿಮ. ಈ ದೃಶ್ಯಕ್ಕೆ ನನ್ನ ದನಿ ಬೇಡ, ಹತ್ತು ಸೆಕೆಂಡ್ ಸುಮ್ಮನೆ ನೋಡಿ.

ಮೂರನೇ ದಿನ, ಫೆಬ್ರವರಿ 28, ಶುಕ್ರವಾರ. ಕೊರ್ಡೋಬಾಗೆ ನೇರ ಬಸ್ಸು ಬೆಳಿಗ್ಗೆ ಹತ್ತಕ್ಕೆ ಅಂತ ಹಿಂದಿನ ದಿನವೇ ವೇಳಾಪಟ್ಟಿ ಫೋಟೊ ತೆಗೆದಿಟ್ಟಿದ್ದೆ. ಟಿಕೆಟ್ ಅಲ್ಲೇ ತಗೊಂಡ್ರಾಯ್ತು ಅಂದ್ಕೊಂಡು ಒಂಬತ್ತೂವರೆಗೆ ನಿಲ್ದಾಣದಲ್ಲಿದ್ವಿ. ದಾರ್ಸೆನಾ ಖಾಲಿ. ಹತ್ತಾಯ್ತು, ಹತ್ತೂಕಾಲಾಯ್ತು. ಕೌಂಟರ್‌ನಲ್ಲಿದ್ದ ಹೆಂಗಸು ನನ್ನ ಫೋಟೊ ನೋಡಿ ಆ ಸಾಲಿನ ತಲೆಮೇಲಿದ್ದ ಪದದ ಮೇಲೆ ಬೆರಳಿಟ್ರು. ಲಾಬೊರಾಬ್ಲೆಸ್. ಕೆಲಸದ ದಿನಗಳು. ಅದರ ಕೆಳಗಿನ ಸಾಲು ದೊಮಿಂಗೊಸ್ ಇ ಫೆಸ್ತೀವೊಸ್, ಭಾನುವಾರ ಮತ್ತು ರಜೆ. ಆ ಸಾಲಿನಲ್ಲಿ ಹತ್ತು ಗಂಟೆಯ ಬಸ್ಸು ಇರಲೇ ಇಲ್ಲ.

ಶುಕ್ರವಾರ ಎಂಥ ರಜೆ? ಫೆಬ್ರವರಿ 28 ಆಂಡಲೂಸಿಯಾದ ದಿನ. ನಮಗೆ ನವೆಂಬರ್ 1 ಹೇಗೋ ಹಾಗೆ. ಸ್ವಾಯತ್ತ ಆಡಳಿತಕ್ಕಾಗಿ 1980ರಲ್ಲಿ ಇದೇ ದಿನ ಇಲ್ಲಿನ ಜನ ಮತ ಹಾಕಿದ್ರು. ನಿಲ್ದಾಣಕ್ಕೆ ಬರೋ ದಾರೀಲಿ ಬಾಲ್ಕನಿಗಳ ಮೇಲೆ ಹಸಿರು-ಬಿಳಿ-ಹಸಿರು ಬಾವುಟ ನಾನೇ ವೀಡಿಯೊ ಮಾಡಿದ್ದೆ. ಕೇಳಿ ತಿಳ್ಕೋಬೇಕು ಅಂತ ಹೊಳೀಲಿಲ್ಲ. ಸ್ಪೇನ್‌ನಲ್ಲಿ ದೇಶದ ರಜೆ ಬೇರೆ, ಆಂಡಲೂಸಿಯಾದಂಥ ಪ್ರದೇಶದ ರಜೆ ಬೇರೆ, ಊರಿನ ರಜೆ ಬೇರೆ. ಬಸ್ಸಲ್ಲಿ ತಿರುಗೋರು ದಯವಿಟ್ಟು ಈ ಮೂರನ್ನೂ ನೋಡ್ಕೊಳ್ಳಿ.

ಮಧ್ಯಾಹ್ನ ಮೂರಕ್ಕೆ ಒಂದು ಬಸ್ಸು ಸಿಕ್ತು, ಊರೂರಲ್ಲೂ ನಿಲ್ಲೋದು. ಇಡೀ ಪ್ರವಾಸದಲ್ಲಿ ನನಗೆ ಅತಿ ಪ್ರಿಯವಾಗಿದ್ದು ಆ ಪ್ರಯಾಣವೇ.

ಹತ್ತಿದ ಪ್ರತಿಯೊಬ್ಬರೂ ಡ್ರೈವರ್‌ಗೆ "ಬುಏನಾ" ಅಂದೇ ಒಳಗೆ ಬರ್ತಿದ್ರು. ಬುಏನಾಸ್ ಅನ್ನಬೇಕು, ಆದ್ರೆ ಇಲ್ಲಿನೋರು ಕೊನೆಯ ಸಕಾರ ನುಂಗ್ತಾರೆ. ಟಿಕೆಟ್ ಡ್ರೈವರೇ ಕೊಟ್ಟು ಚಿಲ್ಲರೆ ಎಣಿಸ್ತಿದ್ರು. ಅಲ್ಕಲಾ ಲಾ ರೆಯಾಲ್ ಊರಲ್ಲಿ ಗುಡ್ಡದ ತುದಿಗೆ ಕೋಟೆ. ಅಲ್ಕೌದೇತೆಯಲ್ಲಿ ಇನ್ನೊಂದು. ಅಲ್ಲಲ್ಲಿ ಬಾದಾಮಿ ಮರ ಎಲೆಯಿಲ್ಲದೆ ಬರೀ ಹೂ ಹೊತ್ತು ನಿಂತಿತ್ತು. ಬಯೇನಾದಲ್ಲಿ ಒಬ್ಬ ಅಜ್ಜಿ ಹತ್ತಿ ಅಮ್ಮನ ಪಕ್ಕ ಕೂತ್ರು. ಅಮ್ಮನಿಗೆ ಸ್ಪ್ಯಾನಿಷ್ ಬರಲ್ಲ, ಅಜ್ಜಿಗೆ ಕನ್ನಡ ಗೊತ್ತಿಲ್ಲ. ಸೀರೆಯ ಅಂಚು ಮುಟ್ಟಿ ನೋಡ್ಬಹುದಾ ಅಂತ ಅಜ್ಜಿ ಕೈಸನ್ನೆ ಮಾಡಿದ್ರು. ಅಮ್ಮ ಸೆರಗನ್ನೇ ತೆಗೆದು ಅವರ ಮಡಿಲ ಮೇಲೆ ಹರಡಿದ್ರು. ಇಳಿಯೋವರೆಗೂ ಅದು ಅಲ್ಲೇ ಇತ್ತು.

ರಜೆಯ ದಿನವೂ ಇಂಥ ಸಣ್ಣ ಊರುಗಳಿಗೆ ಬಸ್ಸು ಬರೋದಕ್ಕೆ ಕಾರಣ ಇದೆ. ನಮ್ಮಲ್ಲಿ ಹೆಚ್ಚಿನ ಕಡೆ ಸರ್ಕಾರಿ ನಿಗಮವೇ ಬಸ್ಸು ಓಡಿಸುತ್ತೆ. ಇಲ್ಲಿ ಬಸ್ಸು ಖಾಸಗಿ ಕಂಪನಿದು, ಆದ್ರೆ ಮಾರ್ಗ ಸರ್ಕಾರದ್ದು. ಟೆಂಡರ್ ಕರೆದು ಇಷ್ಟು ವರ್ಷಕ್ಕೆ ಅಂತ ಮಾರ್ಗ ಒಪ್ಪಿಸ್ತಾರೆ, ಎಲ್ಲೆಲ್ಲಿ ನಿಲ್ಲಬೇಕು ಅನ್ನೋದೂ ಕರಾರಿನಲ್ಲೇ ಇರುತ್ತೆ. 26 ವರ್ಷ ಒಂದೇ ಬಸ್ಸನ್ನ ನಂಬಿ ಬದುಕಿದ ಮನೇಲಿ ಬೆಳೆದವಳು ನಾನು. ಬೆಳಗಿನ ಬಸ್ಸು ಬರದಿದ್ರೆ ಅಮ್ಮ ಆರು ಕಿಲೋಮೀಟರ್ ನಡೆದು ಹೋಗಿ ಗಂಟೆ ಬಾರಿಸ್ತಿದ್ರು. ಅದಕ್ಕೇ ಬಸ್ಸು ಬರುತ್ತೆ ಅನ್ನೋ ಧೈರ್ಯ ಒಂದು ಹಳ್ಳಿಗೆ ಎಷ್ಟು ದೊಡ್ಡದು ಅಂತ ನನಗೆ ಗೊತ್ತು.

ಎಸ್ಪೇಹೊ ಹತ್ತಿರ ಬಿಸಿಲು ಇಳಿದು ಗುಡ್ಡದ ಮೇಲಿನ ಬಿಳಿ ಮನೆಗಳೆಲ್ಲ ಜೇನು ಬಣ್ಣ ಆದ್ವು. ಕೊರ್ಡೋಬಾ ತಲುಪಿದಾಗ ಕತ್ತಲೆ. ಅಲ್ಲಿನ ಬಸ್ ನಿಲ್ದಾಣದ ಒಳಗೇ ರೋಮನ್ನರ ಕಾಲದ ನೀರಿನ ಕಾಲುವೆಯ ಅವಶೇಷ ಇದೆ, ಕಟ್ಟಡ ಕಟ್ಟುವಾಗ ಉಳಿಸ್ಕೊಂಡಿದ್ದು. ನಾನು ಅದನ್ನ ವೀಡಿಯೊ ಮಾಡ್ತಾ ತಿರುಗಿ ನೋಡಿದ್ರೆ ಅಮ್ಮ ಜೊತೆಗಿಲ್ಲ.

ಸೆವಿಲ್ ಬಸ್ಸಿನ ವೇಳಾಪಟ್ಟಿ ಮುಂದೆ ನಿಂತಿದ್ರು. ಕನ್ನಡಕ ಹಣೆಗೇರಿಸಿ, ಒಂದೊಂದೇ ಅಕ್ಷರ ಕೂಡಿಸಿ ಓದ್ತಿದ್ರು. "ನಾವು ಹೊರಡೋದು ಭಾನುವಾರ ಅಲ್ವೇನೇ? ಈ ಸಾಲು ಬೇಡ. ಕೆಳಗಿಂದು ಬರ್ಕೋ."