ಹುತ್ತರಿ ರಾತ್ರಿಯ ಪುಸ್ತಕ

ಕೇಳುಗರಿಗೆ ನಮಸ್ಕಾರ.

ನಮ್ಮೂರು ಕೊಡಗಿನ ಕಕ್ಕಬ್ಬೆಯ ಹತ್ತಿರ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಭತ್ತದ ಕದಿರು ತೆಗೆಯುವ ಹೊತ್ತು ನಿಗದಿಯಾಗುವುದು ನಮ್ಮ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ. ಹಾಗಾಗಿ ಈ ಹಬ್ಬ ಬಂದರೆ ನಮಗೆ ಜಂಬ ಸ್ವಲ್ಪ ಜಾಸ್ತಿ.

ಗದ್ದೆಗೆ ಹೋಗಿ, ಗುಂಡು ಹಾರಿಸಿ, ‘ಪೊಲಿ ಪೊಲಿ ದೇವಾ’ ಎಂದು ಕೂಗಿ ಕದಿರು ತರುತ್ತೇವೆ. ತಂಬಿಟ್ಟು, ಪಾಯಸ ಎಲ್ಲ ಮುಗಿಯುತ್ತದೆ. ಆಮೇಲೆ ನಮ್ಮ ಅಜ್ಜ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ತೆಗೆಯುತ್ತಿದ್ದರು. ಪ್ರತಿ ವರ್ಷ ಅದೇ ಕಾದಂಬರಿ, ಮೊದಲ ಪುಟದಿಂದ. ಅದು ಬಂದದ್ದು 1956ರಲ್ಲಿ. ಅಜ್ಜ ಕೊಂಡದ್ದು ಮಾತ್ರ 1983ರ ಜ್ಞಾನಪೀಠ ಮಾಸ್ತಿಯವರಿಗೆ ಅಂತ ಸುದ್ದಿ ಬಂದ ಮೇಲೆ. ಈಗ ಅಜ್ಜ ಇಲ್ಲ. ನಾನು ಓದುತ್ತೇನೆ.

ಕಾದಂಬರಿ ಕೊಡಗಿನ ಕೊನೆಯ ರಾಜ ಚಿಕವೀರನದು. ಅವನು ಕೊನೆಗೆ ಬಂದು ಅಡಗಿದ ನಾಲ್ಕುನಾಡು ಅರಮನೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಹಾಗಾಗಿ ನಮಗೆ ಇದು ಪಕ್ಕದ ಮನೆಯ ಜಗಳ ಕೇಳಿದ ಹಾಗೆ. ‘ರಾಜ ಇಷ್ಟು ಕೆಟ್ಟವನಲ್ಲ ಮಗಾ, ಗೆದ್ದವರು ಹೇಳಿದ್ದನ್ನೆಲ್ಲ ನಂಬಬೇಡ’ ಎನ್ನುತ್ತಿದ್ದರು ಅಜ್ಜ. ಹಾಗಾದರೆ ಯಾಕೆ ಓದ್ತೀರಿ ಅಂದರೆ ಉತ್ತರವಿಲ್ಲ. 1834ರಲ್ಲಿ ಇಂಗ್ಲಿಷರ ದಂಡು ಮಡಿಕೇರಿಗೆ ಬರುವ ಭಾಗ ಬಂದರೆ ದನಿ ತಗ್ಗಿಸುತ್ತಿದ್ದರು, ದಂಡಿಗೆ ಕೇಳಿಸೀತು ಎನ್ನುವ ಹಾಗೆ.

ಹೈಸ್ಕೂಲಿನಲ್ಲಿದ್ದಾಗ ನನಗೆ ರಾಜನ ಆಪ್ತ ಕುಂಟ ಬಸವನನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಕೆಲಸಕ್ಕೆ ಸೇರಿದ ಮೇಲೆ ಮಂತ್ರಿ ಬೋಪಣ್ಣನ ಕಷ್ಟ ಅರ್ಥವಾಯಿತು. ಮೇಲಿನವರು ಸರಿಯಿಲ್ಲದಿದ್ದರೆ ಏನಾಗುತ್ತದೆ ಅಂತ ಗೊತ್ತಲ್ವಾ! ಮದುವೆಯಾಗಿ ಹತ್ತು ವರ್ಷ ಕಳೆದ ಮೇಲೆ ರಾಣಿ ಗೌರಮ್ಮನ ಮಾತು ಬಂದಾಗಲೆಲ್ಲ ಓದುವುದು ನಿಧಾನವಾಗುತ್ತದೆ. ರಾಜ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ ಅಂತ ಗೊತ್ತು. ಆದರೂ ಪ್ರತಿ ಸಲ, ಈ ವರ್ಷವಾದರೂ ರಾಣಿಯ ಮಾತು ಕೇಳ್ತಾನೇನೋ ಅಂತ ಕಾಯುತ್ತೇನೆ.

ಹುತ್ತರಿಯಲ್ಲಿ ಬಾಗಿಲಿಗೆ, ಜೀಪಿಗೆ, ಮರಕ್ಕೆ ಎಲ್ಲ ಕದಿರು ಕಟ್ಟುತ್ತೇವೆ. ಅಜ್ಜ ಪುಸ್ತಕಕ್ಕೂ ಒಂದು ತೆನೆ ಇಡುತ್ತಿದ್ದರು, ಅವತ್ತು ಓದಿ ನಿಲ್ಲಿಸಿದ ಜಾಗದಲ್ಲಿ. ಒಣಗಿದ ತೆನೆಗಳು ಇವತ್ತಿಗೂ ಇವೆ. ಹಾಳೆಯ ಮೇಲೆ ಕಾಳಿನ ಅಚ್ಚು ಮೂಡಿದೆ. ಒಂದು ಮಳೆಗಾಲದಲ್ಲಿ ಇಲಿ ಬಂತು. ಕಾಳಿನ ಜೊತೆಗೆ ಹಾಳೆಯ ಮೂಲೆಯನ್ನೂ ತಿಂದು ಹೋಯಿತು. ಆರು ಸಾಲು ಮಾಯ! ಅಜ್ಜ ಆ ಆರು ಸಾಲನ್ನು ಸುಮ್ನೆ ಬಾಯಿಪಾಠವಾಗಿ ಹೇಳಿಬಿಡುತ್ತಿದ್ದರು. ಅವರಿಂದ ಕೇಳಿ ಕೇಳಿ ನಾನೂ ಹಾಗೇ ಹೇಳುತ್ತೇನೆ.

ಹೋದ ವರ್ಷ ಲೈಬ್ರರಿಯ ಪ್ರತಿ ಸಿಕ್ಕಿತು. ಆ ಪುಟ ತೆಗೆದು ನೋಡಿದೆ. ಮೂರು ಸಾಲು ಮಾಸ್ತಿಯವರದು. ಉಳಿದ ಮೂರು ಅಜ್ಜನದೇ.